ಬರೋದು ನೂರು, ಹೋಗೋದು ಹತ್ತು

ನಮ್ಮ ಯಜಮಾನರಿಗೆ ಈ ಲೋಕದಲ್ಲಿ ಪ್ರೀತಿ ಇರುವುದು ಎರಡರ ಮೇಲೆ: ನೀರಿನ ಪೈಪು, ತಮ್ಮ ಮೀಸೆ. ಮೂರನೆಯವಳು ನಾನಿರಬಹುದು, ಕೇಳಿ ನೋಡುವ ಧೈರ್ಯ ಬಂದಿಲ್ಲ. ನೀರು ಸರಬರಾಜಿನ ಕೆಲಸದಲ್ಲಿದ್ದು ರಿಟೈರ್ ಆದವರು. ವಿಜಯನಗರದಲ್ಲಿ ಯಾವ ವಾಲ್ವ್ ಎಲ್ಲಿದೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ; ಸಕ್ಕರೆ ಡಬ್ಬ ಎಲ್ಲಿ ಅಂದರೆ ನನ್ನ ಮುಖ ನೋಡುತ್ತಾರೆ. ಮೀಸೆಯೋ, ಮೇಲ್ತುಟಿ ಮುಚ್ಚಿ ಕೆಳತುಟಿಗೂ ಇಳಿದಿದೆ. ನಮ್ಮ ಮದುವೆ ಫೋಟೋದಲ್ಲೂ ಅದೇ ಮುಂದೆ, ಇವರು ಅದರ ಹಿಂದೆ.

ಇಂಥವರು ಇಂಟರ್ನೆಟ್ ರಿಪೇರಿಗೆ ಇಳಿಯಲು ಕಾರಣ ಹಾಸನದ ನಮ್ಮಕ್ಕ. ಎರಡು ವರ್ಷದಿಂದ ಅವಳಿಗೆ ಕಿವಿ ಕೇಳಿಸುವುದಿಲ್ಲ. ತುಟಿ ನೋಡಿಯೇ ಮಾತು ಹಿಡಿಯುತ್ತಾಳೆ. ದಿನಾ ಸಂಜೆ ಐದಕ್ಕೆ ನಮ್ಮ ವಿಡಿಯೋ ಕಾಲ್. ನನಗೆ ಅಕ್ಕ ಚೆನ್ನಾಗಿ ಕಾಣುತ್ತಾಳೆ. ಅವಳಿಗೆ ಮಾತ್ರ ನಾನು ಬಾಯಿ ತೆರೆದ ಕಲ್ಲು.

"ಕ್ಯಾಲೆಂಡರ್ ಥರ ನಿಂತ್ಬಿಡ್ತೀಯ ಕಣೇ," ಅಂದಳು ಒಂದು ದಿನ. "ಏನ್ ಹೇಳ್ತೀಯೋ ಒಂದೂ ತಿಳಿಯಲ್ಲ. ನಾಳೆಯಿಂದ ಬೇಡ ಬಿಡು."

ಆ 'ಬೇಡ ಬಿಡು' ನನಗೆ ನಾಟಿತು. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಇವರಿಗೂ ನಾಟಿರಬೇಕು. ಮರುದಿನವೇ ಕನೆಕ್ಷನ್ ಕೊಟ್ಟವರನ್ನು ಕರೆಸಿದರು.

"ನಿಮ್ದು ನೂರರ ಪ್ಲಾನ್ ಸಾರ್, ಸೂಪರ್ ಸ್ಪೀಡು," ಅಂದ ಆತ.

"ನೂರು ಬರೋದು ಕಣಪ್ಪ. ಹೋಗೋದೆಷ್ಟು?"

"ಅಪ್‌ಲೋಡಾ? ಹತ್ತು ಸಾರ್. ಅದನ್ನ ಯಾರೂ ಕೇಳಲ್ಲ."

"ನಾನು ಕೇಳ್ತೀನಿ. ಇವಳ ಮುಖ ಹಾಸನಕ್ಕೆ ಹೋಗ್ಬೇಕಾದ್ದು ಹೋಗೋ ಪೈಪಲ್ಲಿ ತಾನೆ?"

ನನಗೂ ಅವತ್ತೇ ಅರ್ಥವಾಗಿದ್ದು. ಧಾರಾವಾಹಿ ಬರುವುದು ದಪ್ಪ ಪೈಪಿನಲ್ಲಿ, ನಾವು ಹೊರಗೆ ಹೋಗಬೇಕಾದ್ದು ಸಣ್ಣ ಪೈಪಿನಲ್ಲಿ. ಫೋನಿನಲ್ಲಿ ಹೊಸದಾಗಿ ಟೈಪ್ ಕಲಿತು ಈ ಕಥೆಯನ್ನು ಒಂದೊಂದೇ ಅಕ್ಷರ ಒತ್ತುತ್ತಿದ್ದೇನಲ್ಲ, ಈಗಲೂ ಇಣುಕಿ, "ಇದು ಹೋಗೋಕೆ ಎಷ್ಟು ಬೇಕು?" ಅಂದರು. ಅಕ್ಷರಕ್ಕೆ ಹನಿ ಸಾಕು. ಮುಖಕ್ಕೆ ಬಿಂದಿಗೆ ಬೇಕು.

ಮೊಮ್ಮಗಳ ಸ್ಲೇಟು ಕಸಿದುಕೊಂಡು ಬರೆದರು: ಸೊಸೆಯ ಮೀಟಿಂಗ್ ಮೂರು, ಮೊಮ್ಮಗಳ ಡ್ರಾಯಿಂಗ್ ಕ್ಲಾಸ್ ಮೂರು, ನನ್ನ ಮುಖ ಮೂರು. ಒಟ್ಟು ಒಂಬತ್ತು. ಇನ್ನೂ ಒಂದು ಮಿಗಬೇಕು! ಐದಕ್ಕೆ ನೋಡಿದರೆ ನಾನು ಮತ್ತೆ ಕ್ಯಾಲೆಂಡರ್.

"ಎಲ್ಲೋ ಲೀಕ್ ಇದೆ," ಅಂದರು.

ಲೀಕ್ ಹುಡುಕಲು ಇವರಿಗೆ ಗೊತ್ತಿರುವ ದಾರಿ ಒಂದೇ, ಒಂದೊಂದೇ ವಾಲ್ವ್ ಮುಚ್ಚುವುದು.

"ಮಾವ, ಮೀಟಿಂಗಲ್ಲಿದೀನಿ," ಅಂದಳು ಸೊಸೆ.

"ಎರಡೇ ನಿಮಿಷ ಮುಚ್ಚಮ್ಮ."

ಅವಳ ಲ್ಯಾಪ್‌ಟಾಪ್ ಮುಚ್ಚಿತು, ಮೊಮ್ಮಗಳ ಟ್ಯಾಬ್ ಮುಚ್ಚಿತು, ನನ್ನ ಫೋನೂ ಮುಚ್ಚಿತು. ತಮ್ಮ ಫೋನಿನಲ್ಲಿ ಸ್ಪೀಡ್ ನೋಡಿದರೆ, ಹತ್ತರಲ್ಲಿ ನಾಲ್ಕೇ ಉಳಿದಿದೆ. ಆರನ್ನು ಕುಡಿಯುತ್ತಿರುವವರು ಯಾರು? ಎಲ್ಲರೂ ಕಳ್ಳರ ಹಾಗೆ ನಡುಮನೆಯಲ್ಲಿ ನಿಂತೆವು.

"ಮಾವ," ಅಂದಳು ಸೊಸೆ ಮೆಲ್ಲಗೆ, "ನಿಮ್ಮ ಕ್ಯಾಮೆರಾಗಳು?"

ಇವರೇ ಹಾಕಿಸಿದ್ದವು. ಗೇಟಿಗೊಂದು, ಕಾವೇರಿ ನೀರು ಬಂತೇ ಅಂತ ನೋಡಲು ಸಂಪಿಗೊಂದು, ಟೆರೇಸಿನ ಮೇಲೆ ನನ್ನ ಸಂಡಿಗೆ ಕಾಯಲು ಇನ್ನೊಂದು. ಒಂದೊಂದೂ ದಿನವಿಡೀ ಎರಡೆರಡು ಕಳಿಸುತ್ತಲೇ ಇತ್ತು. ನನ್ನ ಮುಖ ಹಾಸನ ತಲುಪದಿದ್ದರೂ ಸಂಡಿಗೆ ಮಾತ್ರ ಸ್ಪಷ್ಟವಾಗಿ ಲೋಕ ಸುತ್ತುತ್ತಿತ್ತು!

ಮಾರನೆಯ ದಿನ ಐದಕ್ಕೆ ಮೂರನ್ನೂ ಆರಿಸಿದರು. ಸಂಡಿಗೆ ಅಳಿಲಿನ ಪಾಲಾಯಿತು. ಅಕ್ಕ ಮಾತ್ರ, "ಏನೇ, ಮೂಗುಬೊಟ್ಟು ಹೊಸದಾ?" ಅಂದಳು. ಒಂದು ಗಂಟೆ ಮಾತಾಡಿದೆವು. ಕೊನೆಗೆ ಇವರೂ ಬಗ್ಗಿ, "ಈಗ ಸರಿಹೋಯ್ತಾ ಅತ್ತಿಗೆ?" ಅಂದರು.

ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. "ನಿಂದೆಲ್ಲ ತಿಳಿಯತ್ತೆ ಕಣೇ. ನಿಮ್ಮ ಯಜಮಾನ್ರದ್ದು ಒಂದಕ್ಷರ ಇಲ್ಲ. ಆ ಪೊದೇಲಿ ಬಾಯಿ ಎಲ್ಲಿದೆ?"

ನಾನೂ ಸೊಸೆಯೂ ಬಿದ್ದು ಬಿದ್ದು ನಕ್ಕೆವು. ಇವರು ನಗಲಿಲ್ಲ.

ಮರುದಿನ ಐದಾಗಲು ಸ್ವಲ್ಪ ಮುಂಚೆ ಬೆಲ್ ಆಯಿತು. ಗೇಟಿನ ಕ್ಯಾಮೆರಾದಲ್ಲಿ ಯಾರೋ ಗುರುತಿಲ್ಲದವರು. "ಯಾರು ಬೇಕಿತ್ತು?" ಅಂತ ಬಾಗಿಲು ತೆಗೆದೆ. ಇವರು! ಕ್ಯಾಲೆಂಡರ್ ತೆಗೆದ ಗೋಡೆಯಂತೆ ಮೇಲ್ತುಟಿ ಬೆಳ್ಳಗೆ, ಬರಿದಾಗಿತ್ತು.

ಕ್ಯಾಮೆರಾಗಳನ್ನು ಆರಿಸಿ ಬಂದು ಫೋನಿನ ಮುಂದೆ ಕೂತರು. ಅಕ್ಕ ಬಂದಳು.

"ಅತ್ತಿಗೆ," ಅಂದರು ತುಟಿ ಬಿಡಿಸಿ, ನಿಧಾನವಾಗಿ, "ಕಾಫಿ ಆಯ್ತಾ?"

ಅಕ್ಕ ಫೋನನ್ನು ಹತ್ತಿರ ಹಿಡಿದು ಆ ಮುಖ ನೋಡಿದಳು.

"ಆಯ್ತಪ್ಪ," ಅಂದಳು. "ನಿಮ್ಮದು?"