ಬೀರಪ್ಪನ ಕೆಂಚ ನಮ್ಮ ಕಟ್ಟೆಗೆ ಬಂದದ್ದು

ಒಂದು ನಾಯಿಯನ್ನು ಹದ್ದುಬಸ್ತಿನಲ್ಲಿ ಇಡುವುದು ಅಂಥ ದೊಡ್ಡ ಕೆಲಸವೇನಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಮಸ್ಕಿಯ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು ನಾನು. ಒಂದು ಕುಬಸದ ಕಣದ ತುಂಡಿಗೆ ಇಡೀ ಮಧ್ಯಾಹ್ನ ಚೌಕಾಸಿ ಮಾಡುವ ಹೆಣ್ಣುಮಕ್ಕಳನ್ನು ನಗುನಗುತ್ತ ಸಂಭಾಳಿಸುವವನು. ನಿಜಾಮರ ಆಡಳಿತ ಹೋಗಿ ಕಚೇರಿಗಳಿಗೆಲ್ಲ ಹೊಸ ಕುರ್ಚಿ ಬಂದಿದ್ದ ಕಾಲ. ನನ್ನ ಬುದ್ಧಿಯೂ ಹೊಸದಾಗಿ ಓಡಾಡುತ್ತಿದೆ ಎಂಬ ಭ್ರಮೆ ನನಗಿತ್ತು.

ಪಕ್ಕದ ಮನೆಯ ಬೀರಪ್ಪ ದೊಡ್ಡ ಕುರಿಹಿಂಡಿನ ಯಜಮಾನ. ಅವನ ನಾಯಿ ಕೆಂಚ. ಅದನ್ನು ನಾಯಿ ಎನ್ನಲು ನನಗೆ ಇವತ್ತಿಗೂ ನಾಲಿಗೆ ಏಳುವುದಿಲ್ಲ. ಕರುವಿನಷ್ಟು ಎತ್ತರ, ಕೆಂಪು ಮೈ, ಎಡಗಿವಿ ಅರ್ಧವೇ ಇತ್ತು. ಉಳಿದರ್ಧವನ್ನು ಒಂದು ತೋಳ ತಿಂದಿತ್ತು. ತೋಳ ಆಮೇಲೆ ಏನನ್ನೂ ತಿನ್ನಲಿಲ್ಲವಂತೆ! ಕೆಂಚ ಬೊಗಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿತ್ತು. ಬೆಳಗಿನ ಬಿಸಿಲಿಗೆ ಓಣಿಯ ನಡುವೆ ಕುಳಿತರೆ ಬಂಡಿಗಳು ಹಿಂದಕ್ಕೆ ಸರಿಯುತ್ತಿದ್ದವು. ಓಣಿಯ ಜನ ಬಾಗಿಲಿಂದ ತಲೆ ಹೊರಹಾಕಿ, "ಕೆಂಚಪ್ಪನೋರು ಕುಂತಾರೇನು?" ಎಂದು ಕೇಳಿಕೊಂಡೇ ಹೊಸ್ತಿಲು ದಾಟುತ್ತಿದ್ದರು. ಬಳೆಗಾರನೊಬ್ಬ ಕೇಳದೆ ಬಂದು, ತೊಡೆಯ ಗಾಯಕ್ಕೆ ತಿಂಗಳುಗಟ್ಟಲೆ ಪಟ್ಟಿ ಕಟ್ಟಿಸಿಕೊಂಡ.

ನನ್ನ ಚಿಂತೆ ಬಳೆಗಾರನದಲ್ಲ, ತಂಗಿ ಗೌರಿಯದು. ಅಪ್ಪ ತೀರಿದ ಮೇಲೆ ಅವಳ ಮದುವೆ ನನ್ನ ಜಿಮ್ಮೇದಾರಿ. ಲಿಂಗಸುಗೂರಿನಿಂದ ಹುಡುಗಿ ನೋಡಲು ಬಂದವರು ಓಣಿಯ ಬಾಯಿಯಲ್ಲೇ ನಿಂತು ಕೆಂಚನನ್ನು ನೋಡಿ, "ಇನ್ನೊಮ್ಮೆ ಬರ್ತೀವ್ರಿ" ಎಂದು ಹೋದರು. ಆ ಇನ್ನೊಮ್ಮೆ ಬರಲೇ ಇಲ್ಲ. ಸಿಂಧನೂರಿನವರು ಸ್ವಲ್ಪ ಧೈರ್ಯಸ್ಥರು, ಅರ್ಧ ಓಣಿಯವರೆಗೆ ಬಂದರು. ಹುಡುಗನ ಸೋದರಮಾವ ಅರ್ಧ ಧೋತರದಲ್ಲಿ ಊರಿಗೆ ಮರಳಿದ. ಆ ದಿನ ಗೌರಿ ಉಟ್ಟಿದ್ದ ಇಳಕಲ್ಲ ಸೀರೆಯನ್ನು ಬಿಚ್ಚಿ ಮಡಿಚಿ ಟ್ರಂಕಿಗೆ ಹಾಕಿದಳು. ಇನ್ನೊಂದು ಸಲ ಹೀಗಾದರೆ ಜನ ನಾಯಿಯ ಹೆಸರು ಹೇಳುವುದಿಲ್ಲ, ಹುಡುಗಿಯಲ್ಲೇ ಏನೋ ಐಬು ಇದೆ ಎನ್ನುತ್ತಾರೆ.

ಅಷ್ಟರಲ್ಲಿ ಗುರುಗುಂಟಾದ ಅಮರಪ್ಪಗೌಡರಿಂದ ಮಗನ ಸಂಬಂಧಕ್ಕೆ ವಿಚಾರಣೆ ಬಂತು. ಹೊಲಮನೆ ಇದ್ದವರು, ಹುಡುಗ ಒಳ್ಳೆಯವನು. ಸೋಮವಾರ ಶಿವನ ವಾರ, ಶುಭದ ದಿನ, ಅಂದೇ ಬನ್ನಿ ಎಂದು ಹೇಳಿ ಕಳಿಸಿದೆ.

"ಕೆಂಚಪ್ಪಗ ಏನ್ ಮಾಡ್ತೀರಿ?" ಎಂದಳು ಹೆಂಡತಿ ನೀಲಮ್ಮ.

"ಸೋಮವಾರದೊಳಗ ಬಂದೋಬಸ್ತ್ ಮಾಡ್ತೀನಿ ಬಿಡು."

"ನಿಮ್ಮ ಬಂದೋಬಸ್ತ್ ನಾ ನೋಡೀನಿ. ಇಲಿ ಹಿಡೀತೀನಂತ ಹೋಗಿ ಜ್ವಾಳ ತುಂಬೋ ಹಗೇದ ಕುಣ್ಯಾಗ ಬಿದ್ದಿದ್ರಿ."

ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಬೀರಪ್ಪನ ಮನೆಗೆ ಹೋದೆ, ಹಿತ್ತಲ ಗೋಡೆ ಹಾರಿ. ಬೀರಪ್ಪ ಉಣ್ಣೆ ನೂಲುತ್ತ ಕುಳಿತಿದ್ದ. ಸೋಮವಾರ ಒಂದು ದಿನದ ಮಟ್ಟಿಗೆ ಕೆಂಚನನ್ನು ಕಟ್ಟಿಹಾಕು ಎಂದೆ.

"ಕಟ್ಟಂಗಿಲ್ರಿ ಸಾವ್ಕಾರ್ರ. ಅದು ಮೈಲಾರಲಿಂಗಗ ಬಿಟ್ಟ ನಾಯಿ. ತ್ವಾಳದ ಕೂಡ ಬಿದ್ದಾಗ ಹೊಟ್ಟಿ ಹರಿದಿತ್ತು. ಇದೊಂದು ಬದುಕಿದ್ರ ನಿನ್ನ ನಾಯಿ, ಕೊಳ್ಳಿಗೆ ಹಗ್ಗ ಹಾಕಂಗಿಲ್ಲ ಅಂತ ಬೇಡ್ಕೊಂಡಿದ್ದೆ. ಬದುಕ್ಯಾದ."

"ಹಂಗಾರ ಹೊಲಕ್ಕರ ಕರ್ಕೊಂಡು ಹೋಗು."

"ನಾ ಕರದ್ರ ಬರಂಗಿಲ್ರಿ. ಅದು ಹೋದಲ್ಲಿ ನಾ ಹೋಗ್ತೀನಿ."

ಊರ ಪಾಟೀಲರ ಬಳಿ ತಕರಾರು ಒಯ್ದೆ. ಅವರು ಗಂಭೀರವಾಗಿ ಕೇಳಿ, ಮೀಸೆ ತಿರುವಿ, "ಆ ನಾಯಿ ಸಲವಾಗಿ ನಾನೇ ಹಿತ್ತಲ ಹಾದಿ ಹಿಡದು ಅಡ್ಡಾಡಾಕತ್ತೀನಿ. ನಿಂದೇನು ಹೊಸಾದು?" ಎಂದರು. ಹೊಸ ಸರ್ಕಾರ ಕೂಡ ಕೆಂಚನವರೆಗೆ ಬಂದು ತಲುಪಿರಲಿಲ್ಲ.

ಆಗ ನನಗೆ ಸ್ನೇಹದ ದಾರಿ ಹೊಳೆಯಿತು. ಗೌರಿ ಸುಟ್ಟ ಬಿಸಿ ಜೋಳದ ರೊಟ್ಟಿಗೆ ತುಪ್ಪ, ಬೆಲ್ಲ ಸವರಿ ದೂರದಿಂದ ಎಸೆದೆ. ಕೆಂಚ ಅವಸರಪಡದೆ ತಿಂದು, ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿತು. ದರಬಾರಿನಲ್ಲಿ ನಜರಾಣೆ ಒಪ್ಪಿಸಿಕೊಂಡಂತೆ ಇತ್ತು. ನನಗೆ ಮೈಯೆಲ್ಲ ಪುಳಕ! ಮರುದಿನವೂ ಎಸೆದೆ. ಅದರ ಮರುದಿನ ಎಸೆಯುವ ಅಗತ್ಯ ಬೀಳಲಿಲ್ಲ. ಕೆಂಚ ಬೀರಪ್ಪನ ಮನೆ ಬಿಟ್ಟು ನಮ್ಮ ಮನೆಯ ಕಟ್ಟೆಯ ಮೇಲೆ ಬಿಡಾರ ಹೂಡಿತ್ತು.

ಓಣಿಯವರು ನಿಟ್ಟುಸಿರು ಬಿಟ್ಟರು. ನನ್ನ ಉಸಿರು ನಿಂತಿತು. ಸಂಜೆ ಅಂಗಡಿಯಿಂದ ಬಂದರೆ ಬಾಗಿಲಲ್ಲಿ ಕೆಂಚ! ತುಪ್ಪದ ಕೈಯನ್ನು ಅದು ಮರೆತಿರಲಿಲ್ಲ, ಆದರೆ ಬರಿಗೈಯನ್ನು ಒಪ್ಪಲಿಲ್ಲ. ನಮ್ಮ ಕಡೆ ಮನೆಗಳದ್ದೆಲ್ಲ ಮಣ್ಣಿನ ಮಟ್ಟಸ ಮಾಳಿಗೆ, ಒಂದಕ್ಕೊಂದು ಹತ್ತಿಕೊಂಡೇ ಇರುತ್ತವೆ. ದೂರದ ಮನೆಯೊಂದರ ಮಾಳಿಗೆ ಹತ್ತಿ, ನಾಲ್ಕಾರು ಸಂಸಾರಗಳ ನೆತ್ತಿಯ ಮೇಲೆ ನಡೆದು, ನಮ್ಮ ಅಡಿಗೆಮನೆಯ ಗವಾಕ್ಷಿಗೆ ಕಾಲು ಇಳಿಬಿಟ್ಟೆ. ಬೆಳಕು ಬರಲೆಂದು ಮಾಳಿಗೆಯಲ್ಲಿ ಬಿಟ್ಟ ಕಂಡಿ ಅದು, ಸಾಹುಕಾರರು ಬರಲೆಂದು ಬಿಟ್ಟದ್ದಲ್ಲ. ಸೊಂಟಕ್ಕೆ ಸಿಕ್ಕಿಕೊಂಡೆ.

ಕೆಳಗಿನಿಂದ ನೀಲಮ್ಮ ಶಾಂತವಾಗಿ, "ಕಾಲು ಬಂದಾವ. ಉಳದದ್ದು ಎಲ್ಲೈತಿ?" ಎಂದಳು.

"ಮ್ಯಾಲೆ ಐತಿ. ಜಗ್ಗು."

ಅವಳು ಜಗ್ಗುವಾಗ ಗೌರಿ ನೀರಿನ ಕೊಡ ಹೊತ್ತು ಮುಂಬಾಗಿಲಿನಿಂದ ಆರಾಮಾಗಿ ಒಳಗೆ ಬಂದಳು. "ಸರಿಯೋ ಕೆಂಚಾ" ಎಂದಳಂತೆ, ಸರಿಯಿತಂತೆ. ತಲೆಯ ಮೇಲಿನ ಮಣ್ಣು ಕೊಡವಿಕೊಳ್ಳುತ್ತ ನನಗೆ ಆನಂದವೋ ಆನಂದ. ಸೋಮವಾರ ಇವಳೇ ಬಾಗಿಲಲ್ಲಿ ನಿಂತು ನಾಯಿ ಸರಿಸಲಿ ಎಂದೆ.

"ಹುಡುಗಿ ನೋಡಾಕ ಬಂದೋರ ಮುಂದ ಹುಡುಗೀನೇ ಬಾಗಲದಾಗ ನಿಂತು ನಾಯಿ ಕಾಯಬೇಕೇನು? ಮಂದಿ ಏನಂದಾರು," ಎಂದು ನೀಲಮ್ಮ ಬೈದಳು. ಅವಳ ಮಾತು ಖರೆ. ಕರೆಯುವವರೆಗೆ ಒಳಗೆ ತಲೆ ತಗ್ಗಿಸಿ ಕೂರುವುದು ಹುಡುಗಿಯ ಕೆಲಸ.

ಕೊನೆಗೆ ಬೀರಪ್ಪನೇ ಉಪಾಯ ಹೇಳಿದ. ಮೈಲಾರಲಿಂಗನ ಒಕ್ಕಲಲ್ಲಿ ದೋಣಿ ತುಂಬಿಸುವ ಸೇವೆ ಇದೆ. ಕರಿ ಕಂಬಳಿಯ ಮೇಲೆ ದೋಣಿಯಾಕಾರದ ಮರದ ಪಾತ್ರೆ ಇಟ್ಟು ಹಾಲು, ತುಪ್ಪ, ಬಾಳೆಹಣ್ಣು ತುಂಬುತ್ತಾರೆ. ದೇವರ ನಾಯಿಗಳೆಂದು ವ್ರತ ಹಿಡಿದ ಗೊರವಯ್ಯನವರು ಬೊಗಳುತ್ತ ಬಂದು ಬಾಯಿ ಹಾಕಿ ತಿನ್ನುತ್ತಾರೆ. "ನಿಮ್ಮ ಮನಿ ದೋಣಿ ಉಂಡಮ್ಯಾಲೆ ಕೆಂಚ ನಿಮ್ಮ ಮನಿಗೆ ಬಂದೋರ ಮೈ ಮುಟ್ಟಂಗಿಲ್ರಿ," ಎಂದ.

"ಗೊರವಯ್ಯನ್ನ ಕರಸು ಮತ್ತ."

"ಭಿಕ್ಷಾಕ್ಕಂತ ಮುಕ್ಕುಂದದ ಕಡೆ ಹೋಗ್ಯಾನ. ಅವನ ಬದ್ಲಿಗೆ ಮನಿ ಹಿರೇರು ಯಾರರ ಆದ್ರೂ ನಡೀತೈತ್ರಿ."

ಮನೆಯ ಹಿರಿಯ ನಾನೇ! ಭಾನುವಾರ ಬೆಳಿಗ್ಗೆ, ಮೈಲಾರಲಿಂಗನ ವಾರದಂದು, ಸದರಿ ಬಟ್ಟೆ ವ್ಯಾಪಾರಸ್ಥನು ಹಣೆಗೆ ಭಂಡಾರದ ಅರಿಸಿನ ಬಳಿದುಕೊಂಡು, ಕಂಬಳಿ ಹೊದ್ದು, ಸ್ವಂತ ಮನೆಯ ಮುಂದೆ ನಾಲ್ಕು ಕಾಲಿನ ಮೇಲೆ ನಿಂತನು. ಮಾಳಿಗೆಗಳ ಮೇಲೆ ಇಡೀ ಓಣಿ ಸೇರಿತ್ತು. ಕೆಳಗೆ ನಾನು, ಬೀರಪ್ಪ ಮತ್ತು ಕೆಂಚ.

"ಬೊಗಳ್ರಿ," ಎಂದ ಬೀರಪ್ಪ.

"ಸಣ್ಣಗ ಬೊಗಳಿದ್ರ ನಡೀತೈತೇನು?"

"ದ್ಯಾವರಿಗೆ ಕೇಳಬೇಕಲ್ರಿ."

ಮೊದಲ ಸಲ ಬೊಗಳಿದ್ದು ಕೆಮ್ಮಿದಂತಾಯಿತು. ಕೆಂಚನಿಗೆ ನಾಚಿಕೆಯಾಯಿತೋ ಏನೋ, ಮುಖ ಅತ್ತ ತಿರುಗಿಸಿತು. ಟ್ರಂಕಿಗೆ ಸೇರಿದ ಸೀರೆ ಕಣ್ಣ ಮುಂದೆ ಬಂತು. ಮಾನ ಬಿಟ್ಟು, ಗಂಟಲು ಹರಿಯುವಂತೆ ಬೊಗಳಿದೆ. ಕೆಂಚ ಎದ್ದು ನಿಧಾನವಾಗಿ ಬಂದು ದೋಣಿಗೆ ಬಾಯಿ ಹಾಕಿತು. ನಾನೂ ಹಾಕಿದೆ. ಅದರ ಉಸಿರು ನನ್ನ ಕೆನ್ನೆಗೆ ತಾಗಿತು. ಅಷ್ಟು ಹತ್ತಿರದಿಂದ ನಾನು ಯಾವ ದೊಡ್ಡವರನ್ನೂ ನೋಡಿದವನಲ್ಲ. ಕೊರಳ ತುಂಬ ಹಳೆಯ ಗಾಯದ ಗೆರೆಗಳು, ಹರಿದ ಕಿವಿ, ಜೇನಿನ ಬಣ್ಣದ ಕಣ್ಣು. ಆ ಕಣ್ಣಲ್ಲಿ ನನ್ನ ಬಗ್ಗೆ ಸಿಟ್ಟಿರಲಿಲ್ಲ, ಹೆದರಿಕೆ ಇರಲಿಲ್ಲ, ನಾನೂ ಇರಲಿಲ್ಲ. ಇಡೀ ಹಿಂಡನ್ನು ಒಂಟಿಯಾಗಿ ಕಾದ ಜೀವ ಇದು ಎಂದು ಅನ್ನಿಸಿ ಎದೆ ತುಂಬಿ ಬಂತು. ಕೈ ಮುಗಿಯಬೇಕೆನಿಸಿತು. ಆದರೆ ಕೈಗಳು ಆಗ ಕಾಲುಗಳಾಗಿದ್ದವು.

"ಬಟ್ಟಿ ಅಂಗಡಿ ಸಾವ್ಕಾರ್ರ ಮನಿ ಇದೇ ಏನ್ರಿ?"

ಓಣಿಯ ಬಾಯಲ್ಲಿ ದೊಡ್ಡ ರುಮಾಲಿನ ಹಿರಿಯರೊಬ್ಬರು, ಹಿಂದೆ ನಾಲ್ಕೈದು ಜನ, ನಡುವೆ ನಾಚಿಕೊಂಡ ಒಬ್ಬ ಹುಡುಗ. ಬೀರಪ್ಪ ಯಾರೆಂದು ವಿಚಾರಿಸಿದ.

"ಗುರುಗುಂಟಾದ ಅಮರಪ್ಪಗೌಡ ರೀ. ನಾಳಿಗೆ ಬರ್ರಿ ಅಂದಿದ್ರು. ಸ್ವಾಮಾರ ಬಸವಣ್ಣನ ಹೆಗಲಿಗೆ ನೊಗ ಇಡಂಗಿಲ್ಲ ನೋಡ್ರಿ, ಅದಕ್ಕ ಇವತ್ತೇ ಬಂಡಿ ಹೂಡೀವಿ. ಸಾವ್ಕಾರ್ರು ಎಲ್ಲದಾರ?"

ಸೋಮವಾರ ಎತ್ತು ಹೂಡುವುದಿಲ್ಲ ಎಂಬುದು ಈ ಸೀಮೆಯ ತೊಟ್ಟಿಲ ಕೂಸಿಗೂ ಗೊತ್ತು. ಬಟ್ಟೆ ಅಳೆಯುವ ಗಜಕಡ್ಡಿ ಹಿಡಿದು ಕೂತವನಿಗೆ ಮರೆತುಹೋಗಿತ್ತು! ನೀಲಮ್ಮ ಬಾಗಿಲಿಗೆ ಬಂದಳು. ಮೀಸೆಯಿಂದ ಹಾಲು ತೊಟ್ಟಿಕ್ಕುತ್ತಿದ್ದ ನನ್ನನ್ನು ಒಮ್ಮೆ ನೋಡಿ, "ಊರಿಗೆ ಹೋಗ್ಯಾರ್ರಿ," ಎಂದಳು.

ಬೀರಪ್ಪ ಸುಳ್ಳು ಹೇಳುವವನಲ್ಲ. "ಇಲ್ಲೇ ಅದಾರಲ್ರಿ, ದೋಣಿ ಉಣ್ಣಾಕತ್ತಾರ," ಎಂದು ಬೆರಳು ತೋರಿಸಿದ.

ಆಗ ಕೆಂಚ ದೋಣಿ ಬಿಟ್ಟು ತಲೆ ಎತ್ತಿತು. ಗೌಡರ ಕಡೆಗೆ ಹೆಜ್ಜೆ ಇಟ್ಟಿತು. ನಾನು ಏಳಲು ಹೋಗಿ ಕಂಬಳಿಯಲ್ಲಿ ಸಿಕ್ಕಿ ಬಿದ್ದೆ. ಇದೂ ಹೋಯಿತು, ತಂಗಿಯ ಬಾಳು ನನ್ನ ಕೈಯಾರೆ ಹಾಳಾಯಿತು ಎಂದುಕೊಂಡೆ. ಅಷ್ಟರಲ್ಲಿ ಗೌರಿ ಹೊರಗೆ ಬಂದಳು. ಕೈಯೆಲ್ಲ ಜೋಳದ ಹಿಟ್ಟು, ಉಟ್ಟಿದ್ದು ಹಳೆಯ ಸೀರೆ. ನೆಟ್ಟಗೆ ಹೋಗಿ ಕೆಂಚನ ಹೆಗಲ ಮೇಲೆ ಕೈ ಇಟ್ಟು, "ಮನೀಗೆ ಬಂದೋರು ಅವರು. ಕುಂದ್ರು," ಎಂದಳು. ಕೆಂಚ ಕುಳಿತಿತು. ಆಮೇಲೆ ಗೌಡರತ್ತ ತಿರುಗಿ, "ಬರ್ರಿ, ಕಾಲಿಗೆ ನೀರು ಕೊಡ್ತೀನಿ," ಎಂದಳು.

ಗೌಡರು ಅವಳನ್ನೂ ನಾಯಿಯನ್ನೂ ನೋಡಿದರು. "ಹುಡುಗಿ ನೋಡಿದ್ದಾತು," ಎಂದರು ಮಗನಿಗೆ. "ನಮ್ಮ ಮನಿ ಆಳಾಕ ಇಂಥಾಕಿನೇ ಬೇಕು." ಹುಡುಗ ತಲೆ ಎತ್ತಿ ನೋಡಿ ನಕ್ಕ. ಗೌರಿಯೂ ನಕ್ಕಳು. ಅಷ್ಟು ದಿನದ ಮೇಲೆ ಅವಳ ನಗು ಕಂಡು ನನಗೆ ಕಣ್ಣೀರೇ ಬಂತು. ನನ್ನ ಬೊಗಳಿಕೆಯ ಬಗ್ಗೆ ಯಾರೂ ಒಂದು ಮಾತಾಡಲಿಲ್ಲ. ಕಾಲು ತೊಳೆಯುವಾಗ ಗೌಡರು ಮಾತ್ರ ನೀಲಮ್ಮನನ್ನು ಮೆಲ್ಲಗೆ, "ಯಜಮಾನ್ರಿಗೆ ಇದು ದಿನಾ ಇರ್ತೈತೇನವ್ವ?" ಎಂದು ಕೇಳಿದರು.

ಮದುವೆ ಆಯಿತು. ಗೌರಿಯ ಬಂಡಿ ಗುರುಗುಂಟಾದ ದಾರಿ ಹಿಡಿದಾಗ ಕೆಂಚ ಎದ್ದು, ಯಾರನ್ನೂ ಕೇಳದೆ ಬಂಡಿಯ ಪಕ್ಕದಲ್ಲಿ ನಡೆಯತೊಡಗಿತು. ಬೀರಪ್ಪ ತಡೆಯಲಿಲ್ಲ, ಕೈ ಮುಗಿದ. "ದ್ಯಾವರದು ರೀ. ಎಲ್ಲಿ ಕುಂತರ ಅಲ್ಲೇ ಗುಡಿ," ಎಂದ.

ಈಗ ಅದು ಗೌಡರ ಮನೆಯ ಹೆಬ್ಬಾಗಿಲಲ್ಲಿದೆ. ನೆಂಟರು, ಆಳುಗಳು, ಭಿಕ್ಷುಕರು ಎಲ್ಲರೂ ಅದರ ಮುಂದೆಯೇ ಓಡಾಡುತ್ತಾರೆ. ನಾಗರಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ನಾನು ಹೋದರೆ ಮಾತ್ರ ಎದ್ದು ಅಡ್ಡ ನಿಲ್ಲುತ್ತದೆ. ಎರಡು ಕಾಲಿನ ಮೇಲೆ ಬಂದ ನನ್ನ ಪರಿಚಯವೇ ಅದಕ್ಕಿಲ್ಲ. ಆಚೀಚೆ ನೋಡಿ, ಟವಲು ಹಾಸಿ, ಧೋತರ ಮೇಲೆ ಕಟ್ಟಿ, ಕೈ ನೆಲಕ್ಕೆ ಊರಿ ಒಮ್ಮೆ ಬೊಗಳುತ್ತೇನೆ. ಒಳಗಿನಿಂದ ಗೌರಿಯ ದನಿ ಕೇಳಿಸುತ್ತದೆ:

"ಅತ್ತೀ, ಚಾಕ್ಕ ಇಡ್ತೀನ್ರಿ. ನಮ್ಮಣ್ಣ ಬಂದಾನ."