ಚನ್ನಕೇಶವನಿಗೆ ಸ್ಟಾಕ್‌ಹೋಮಿನಲ್ಲೊಂದು ರೂಮು

“ಸ್ವಲ್ಪ ಸ್ಟೈಲಾಗಿರ್ಲಿ ಸಾರ್” ಎಂದು ಚನ್ನಕೇಶವ ಬಾಯಿತಪ್ಪಿ ಅಂದದ್ದೇ ಎಲ್ಲಕ್ಕೂ ಮೂಲವಾಯಿತು.

ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವಾಲ್ವ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಅವನು ಸೂಪರ್‌ವೈಸರ್. ಸ್ವೀಡನ್ ದೇಶದಿಂದ ಹೊಸ ಮೆಷಿನ್ ಬರುವುದಿತ್ತು. ಅದನ್ನು ನಡೆಸುವುದು ಕಲಿತು ಬರಲು ಅವನನ್ನೇ ಸ್ಟಾಕ್‌ಹೋಮಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಅವನ ವಂಶದಲ್ಲಿ ತಿರುಪತಿಯಿಂದಾಚೆಗೆ ಕಾಲಿಟ್ಟವರಿರಲಿಲ್ಲ. ಹೆಂಡತಿ ವಿಮಲಮ್ಮ ಸುದ್ದಿ ಕೇಳಿದ ದಿನವೇ ಉಣ್ಣೆ ತಂದು ಸ್ವೆಟರು ಹೆಣೆಯಲು ಕೂತಳು. ಒಂದು ತೋಳು ಇನ್ನೊಂದಕ್ಕಿಂತ ಗೇಣುದ್ದ ಹೆಚ್ಚಾದರೂ, “ಅಲ್ಲಿ ನಮ್ಮೋರು ಯಾರಿದಾರೆ ನೋಡೋಕೆ” ಎಂದು ಸಮಾಧಾನಪಟ್ಟುಕೊಂಡಳು. ಚನ್ನಕೇಶವ ಮಾತ್ರ ಕಾರ್ಖಾನೆಯಲ್ಲೂ ಬಸ್ಸಿನಲ್ಲೂ ಆಗಲೇ ವಿಮಾನದಲ್ಲಿ ಕೂತವನಂತೆ ಮೈ ಸಡಿಲ ಬಿಟ್ಟು ಕೂರುವುದನ್ನು ಅಭ್ಯಾಸ ಮಾಡುತ್ತಿದ್ದ.

ಎಂಥ ಹೋಟೆಲು ಬೇಕು ಎಂದು ಸ್ವೀಡನ್ನಿನವರು ವಿಚಾರಿಸಿದಾಗ ಅವನು ಹೇಳಿದ್ದು ಆ ಸ್ಟೈಲಿನ ಮಾತು. ಅದರ ಫಲವಾಗಿ ಒಂದು ಬೆಳಿಗ್ಗೆ ಮ್ಯಾನೇಜರ್ ಲಕ್ಷ್ಮೀಪತಿ ಅವನನ್ನು ಕರೆದು, ಥಳಥಳ ಹೊಳೆಯುವ ಬಣ್ಣದ ಮೂರು ಪುಸ್ತಕಗಳನ್ನು ಮೇಜಿನ ಮೇಲಿಟ್ಟರು.

“ನೋಡಯ್ಯಾ, ಮೂರು ಹೋಟ್ಲು. ಎಲ್ಲಾ ಚಿಕ್ಕ ಚಿಕ್ಕವು, ಭಾರಿ ಶೋಕಿಯವು. ಮನೆಗೆ ಹೋಗಿ ಹೆಂಡ್ತಿ ಜೊತೆ ಕೂತು ಆರಿಸ್ಕೊಂಡು ಊಟದ ಹೊತ್ತಿಗೆ ಬಾ. ಇವತ್ತೇ ಟೆಲೆಕ್ಸ್ ಕೊಟ್ಬಿಡೋಣ.”

ಹೆಂಡತಿ ಜೊತೆ ಮಾತ್ರ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅವನು ವಿಜಯನಗರದ ಮನೆಯ ವರಾಂಡದಲ್ಲಿ ಪುಸ್ತಕ ಬಿಚ್ಚುವಷ್ಟರಲ್ಲಿ ಪಕ್ಕದ ಮನೆಯ ಕಮಲಾಕ್ಷಮ್ಮ ಮೊರ ಹಿಡಿದುಕೊಂಡೇ ಬಂದರು. ಮಹಡಿಯಿಂದ ಮನೆ ಮಾಲೀಕರಾದ ರಿಟೈರ್ಡ್ ಗುಮಾಸ್ತ ಸಿದ್ದಬಸಪ್ಪನವರು ಕನ್ನಡಕ ಒರೆಸುತ್ತ ಇಳಿದರು. ಇಂಗ್ಲಿಷ್ ಎಲ್ಲಿ ಅಚ್ಚಾಗಿದ್ದರೂ ಅದನ್ನು ಗಟ್ಟಿಯಾಗಿ ಓದುವುದು ಅವರ ಜವಾಬ್ದಾರಿ.

“ಬುಟೀಕ್ ಹೋಟೆಲ್” ಎಂದು ಓದಿದರು.

ಕಮಲಾಕ್ಷಮ್ಮ ಬೆಚ್ಚಿದರು. “ಬುಟೀಕಾ? ಚಂದ್ರಾ ಲೇಔಟಲ್ಲಿ ನಾನು ಬ್ಲೌಸ್ ಹೊಲಿಸೋ ಅಂಗ್ಡಿಗೂ ಅದೇ ಬೋರ್ಡ್ ಹಾಕವ್ರೆ! ಅಲ್ಲಿ ಗಂಡಸ್ರನ್ನ ಒಳಕ್ಕೇ ಬಿಡಲ್ಲ. ಇವರು ಮಲಗೋದೆಲ್ಲಿ?”

“ಅದು ಬೇರೆ ಕಣ್ರೀ” ಎಂದ ಚನ್ನಕೇಶವ. ಹೇಗೆ ಬೇರೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಮೊದಲನೆಯದು ನೀರಿನ ಮೇಲೆ ಲಂಗರು ಹಾಕಿದ ಹಳೆಯ ಹಡಗು. ಹಿತ್ತಾಳೆಯ ಕಿಟಕಿ, ನೀಲಿ ಪರದೆ. ಚಿತ್ರ ನೋಡಿದ್ದೇ ಅವನ ತಾಯಿ ಅಕ್ಕಯ್ಯಮ್ಮ ಎದೆ ಹಿಡಿದುಕೊಂಡರು. “ಬ್ಯಾಡ ಕಣೋ ಕೇಶವ! ನಿಂಗೆ ಜಲಗಂಡ ಅದೆ ಅಂತ ಜಾತಕ ಬರ್ದೋರೇ ಹೇಳವ್ರೆ. ಅದಕ್ಕೇ ಅಲ್ವಾ ನಿನ್ನ ಕೆರೆ ಏರಿ ಮೇಲೂ ನಡೆಸ್ದೆ ಬೆಳೆಸಿದ್ದು?”

ಹಡಗು ಹೋಯಿತು.

ಎರಡನೆಯದು ಪೈನ್ ಮರದ ಗೋಡೆಯ ಮುದ್ದಾದ ಹೋಟೆಲು. ವಿಮಲಮ್ಮನಿಗೆ ಪರದೆಗಳು ಬಹಳ ಹಿಡಿಸಿದವು. ಖುಷಿಯಿಂದ ಪುಟ ತಿರುಗಿಸಿದವಳು ಕೆಂಡ ಮುಟ್ಟಿದಂತೆ ಕೈ ಹಿಂದೆಗೆದುಕೊಂಡಳು. ಹಬೆ ತುಂಬಿದ ಕೋಣೆಯೊಂದರಲ್ಲಿ ಗಂಡಸರೂ ಹೆಂಗಸರೂ ಸೊಂಟಕ್ಕೊಂದು ಟವೆಲಿನ ನೆಪ ಸುತ್ತಿಕೊಂಡು ಸಾಲಾಗಿ ಕೂತು ನಗುತ್ತಿದ್ದರು.

“ಇದೇನ್ರೀ ಇದು?”

“ಸ್ನಾನ” ಎಂದರು ಸಿದ್ದಬಸಪ್ಪನವರು, ಕನ್ನಡಕ ಇನ್ನಷ್ಟು ಹತ್ತಿರ ತಂದುಕೊಂಡು. “ಎಲ್ಲಾರೂ ಸೇರ್ಕೊಂಡು ಬೆವರೋ ಸ್ನಾನ.”

ಕಮಲಾಕ್ಷಮ್ಮ ಮೊರದಿಂದ ಮುಖ ಮುಚ್ಚಿಕೊಂಡು, ಅಂಚಿನಿಂದ ಇಣುಕಿದರು. “ಅಯ್ಯೋ ರಾಮ! ವಿಮಲಾ, ನಿನ್ನ ಗಂಡನ್ನ ಇಲ್ಲಿಗ್ಯಾಕೆ ಕಳಿಸ್ತೀಯೆ?”

ವಿಮಲಮ್ಮ ಗಂಡನ ಕಡೆ ತಿರುಗಿದಳು. “ಸ್ಟೈಲ್ ಬೇಕು ಅಂದಿದ್ದು ಇದಕ್ಕೇನಾ?”

“ನಾನು ಕುರ್ಚಿ, ಮೇಜು ಸ್ಟೈಲಾಗಿರ್ಲಿ ಅಂತ ಅಂದಿದ್ದು ಕಣೇ!”

ಅವಳು ಆ ಪುಸ್ತಕವನ್ನು ಎತ್ತಿಕೊಂಡು ಒಳಗೆ ಹೋಗಿ ಅಕ್ಕಿ ಡಬ್ಬದ ತಳಕ್ಕೆ ತುರುಕಿ ಬಂದಳು. ಸಿದ್ದಬಸಪ್ಪನವರು ತಾವಿನ್ನೂ ಪೂರ್ತಿ ಓದಿರಲಿಲ್ಲವೆಂದು ಗೊಣಗಿದರು.

ಚನ್ನಕೇಶವನಿಗೆ ನಿಜವಾಗಿ ಮನಸ್ಸಾಗಿದ್ದುದು ಮೂರನೆಯದರ ಮೇಲೆ. ದಪ್ಪ ಬಿಳಿ ಗೋಡೆ, ಪುಟ್ಟ ಕೋಣೆ, ಹಾಸಿಗೆ ಪಕ್ಕ ದುಂಡನೆಯ ದೀಪ. ಟವೆಲಿನವರು ಎಲ್ಲೂ ಇಲ್ಲ. “ಇದು ನೋಡಿ ಸಾರ್, ಎಷ್ಟು ಮರ್ಯಾದಸ್ಥ ಹೋಟ್ಲು” ಎಂದು ಸಿದ್ದಬಸಪ್ಪನವರಿಗೆ ಹೆಮ್ಮೆಯಿಂದ ಕೊಟ್ಟ.

ಅವರು ಓದಿದರು. ಮುಖ ಇಳಿಯಿತು. ಇನ್ನೊಮ್ಮೆ ಓದಿದರು.

“ಚನ್ನಕೇಶವ ಅವ್ರೇ... ಫಾರ್ಮರ್ ಪ್ರಿಸನ್ ಅಂತಿದೆಯಲ್ರೀ.”

“ಹಂಗಂದ್ರೆ?” ಎಂದರು ಅಕ್ಕಯ್ಯಮ್ಮ.

“ಪ್ರಿಸನ್ ಅಂದ್ರೆ ಜೈಲು. ಫಾರ್ಮರ್ ಅಂದ್ರೆ ರೈತ. ರೈತರನ್ನ ಹಾಕೋ ಜೈಲು.”

ಊರಾಚೆಯ ಶ್ರೀಗಂಧದ ಕಾವಲಿನ ಹೊಲದಲ್ಲಿ ರಾಗಿ ಬೆಳೆದ ಮನೆತನದ ಅಕ್ಕಯ್ಯಮ್ಮ ದಡಕ್ಕನೆ ಗೋಡೆಗೊರಗಿದರು.

“ನಾವೂ ರೈತ್ರೇ ಅಲ್ವೇನೋ! ನಿಮ್ಮಪ್ಪ ನೇಗಿಲು ಹಿಡ್ದಿದ್ದು ಆ ದೇಶದೋರಿಗೆ ಯಾರೋ ಹೇಳಿದ್ದು?”

“ಅಮ್ಮಾ, ಫಾರ್ಮರ್ ಅಂದ್ರೆ ಇಲ್ಲಿ ‘ಮೊದಲು’ ಅಂತ! ಮೊದಲು ಜೈಲಾಗಿತ್ತು. ಈಗ ಹೋಟ್ಲು.”

“ಹೌದಾ?” ಕಮಲಾಕ್ಷಮ್ಮ ಗಲ್ಲಕ್ಕೆ ಕೈಯಿಟ್ಟರು. “ಆಗಿನ ಕೈದಿಗಳು ಎಲ್ಲಿಗೆ ಹೋದ್ರು? ಅಲ್ಲೇ ಸಪ್ಲೈಯರ್ ಆಗವ್ರೋ ಏನೋ.”

ಊಟದ ಹೊತ್ತಿಗೆ ಬೀದಿಯ ತುದಿಯ ನಲ್ಲಿಯವರೆಗೂ ಸುದ್ದಿ ಮುಟ್ಟಿತ್ತು. ಚನ್ನಕೇಶವ ಸ್ಕೂಟರ್ ಒದೆಯುವಾಗ, ಎದುರು ಮನೆಯ ಮುದುಕಿಯೊಬ್ಬರು ಕಣ್ಣೀರು ಒರೆಸಿಕೊಳ್ಳುತ್ತ, “ಏನ್ ತಪ್ಪು ಮಾಡ್ದಪ್ಪಾ? ಎಷ್ಟು ವರ್ಸ ಹಾಕವ್ರೆ?” ಎಂದು ಕೇಳಿದರು.

ಮಾಗಡಿ ರಸ್ತೆಯ ಬಿಸಿಲಿನಲ್ಲಿ ಬೆಂದು ಕಾರ್ಖಾನೆಗೆ ಬಂದವನು ಲಕ್ಷ್ಮೀಪತಿಯ ಮುಂದೆ ನಿಂತು ಎಲ್ಲವನ್ನೂ ಒದರಿದ. ತಾಯಿ ಊಟ ಬಿಟ್ಟಿದ್ದಾರೆ, ಹೆಂಡತಿ ಮಾತು ಬಿಟ್ಟಿದ್ದಾಳೆ. “ಬೇರೆ ಹೋಟ್ಲು ಕೇಳಿ ಸಾರ್. ಸ್ಟೈಲ್ ಇಲ್ದಿದ್ರೂ ಪರ್ವಾಗಿಲ್ಲ.”

ಲಕ್ಷ್ಮೀಪತಿ ಬಾಯಿ ತೆರೆದುಕೊಂಡೇ ಕೇಳಿದರು. ಟೆಲೆಕ್ಸಿನಲ್ಲಿ ಪದ ಉಳಿಸುವುದು ಅವರ ಹುಟ್ಟುಗುಣ. ಜಲಗಂಡ, ಟವೆಲು, ಜಾತಕ, ತಾಯಿಯ ಕಣ್ಣೀರು ಎಲ್ಲವನ್ನೂ ಹಿಂಡಿ ಒಂದೇ ಸಾಲು ಕಳಿಸಿದರು: “ನಮ್ಮ ಮನುಷ್ಯನಿಗೆ ನೀರು, ಸ್ನಾನ, ಜೈಲು ಒಗ್ಗುವುದಿಲ್ಲ. ದಯವಿಟ್ಟು ಬೇರೆ ವ್ಯವಸ್ಥೆ ತಿಳಿಸಿ.”

ಮಧ್ಯಾಹ್ನವಿಡೀ ಚನ್ನಕೇಶವ ಟೆಲೆಕ್ಸ್ ಕೋಣೆಯ ಸುತ್ತ, ಹೆರಿಗೆ ವಾರ್ಡಿನ ಹೊರಗಿನ ಗಂಡನಂತೆ ಸುತ್ತಿದ. ಅದರ ಕಟಕಟ ಸದ್ದು ಕೇಳಿದಾಗಲೆಲ್ಲ ಒಳಗೆ ಇಣುಕಿದ. ಕಡೆಗೂ ಸಂಜೆ ಲಕ್ಷ್ಮೀಪತಿ ಕಾಗದ ಹಿಡಿದು ನಗುತ್ತ ಬಂದರು.

“ಎಂಥಾ ದೊಡ್ಡ ಮನುಷ್ಯರಯ್ಯಾ ಅವರು! ನಿನ್ನ ಕಷ್ಟ ಓದಿ ಕರಗಿಹೋಗಿದಾರೆ.”

“ಬೇರೆ ಹೋಟ್ಲು ಸಿಕ್ತಾ ಸಾರ್?”

“ಹೋಟ್ಲೇ ಬೇಡ! ಇಷ್ಟು ಸೂಕ್ಷ್ಮದ ಮನುಷ್ಯನ್ನ ಅಷ್ಟು ದೂರ ಕರೆಸಿ ನೋಯಿಸಲ್ಲ ಅಂದಿದಾರೆ. ಅವರ ಇಂಜಿನಿಯರ್ರೇ ಇಲ್ಲಿಗೆ ಬರ್ತಾರಂತೆ, ಹೆಂಡ್ತಿ ಕರ್ಕೊಂಡು. ಎಂ.ಡಿ. ಸಾಹೇಬ್ರಂತೂ ಖರ್ಚು ಉಳೀತು ಅಂತ ಕುಣೀತಾ ಇದಾರೆ!”

ಚನ್ನಕೇಶವ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟ. “ಹಾಗಾದ್ರೆ ನಾನು...”

“ನೀನೇ ಮುಖ್ಯ ಕಣಯ್ಯಾ! ಮೆಷಿನ್ ಕಲಿಸೋದರ ಜೊತೆಗೆ ನಿಂಗೆ ಧೈರ್ಯಾನೂ ತುಂಬ್ತಾರಂತೆ. ಅದಕ್ಕೇ ಮೂರು ವಾರ ನಿಮ್ಮನೇಲೇ ಇರ್ತೀವಿ ಅಂದವ್ರೆ. ನಾನು ಒಪ್ಪಿಗೆ ಕೊಟ್ಟೂ ಆಯ್ತು.”

ಚನ್ನಕೇಶವ ಮನೆಗೆ ಬಂದು ಸುದ್ದಿ ಹೇಳಿದ. ಒಬ್ಬರಾದರೂ ‘ಅಯ್ಯೋ ಪಾಪ, ನಿನ್ನ ವಿಮಾನ ತಪ್ಪಿತಲ್ಲ’ ಅನ್ನುತ್ತಾರೆಂದು ಕಾದ. ಬೀದಿಗೆ ಬೀದಿಯೇ ದಿಗ್ಭ್ರಮೆಯಿಂದ ನಿಂತಿತ್ತು ನಿಜ. ಆದರೆ ಆ ಸಂಕಟ ಅವನಿಗಾಗಿ ಆಗಿರಲಿಲ್ಲ.

“ಫಾರಿನ್ನೋರು ನಮ್ಮನೆಗಾ! ರೂಮು ಅವರಿಗೇ ಬಿಡ್ಬೇಕು” ಎಂದಳು ವಿಮಲಮ್ಮ. ಬೆಳಿಗ್ಗೆಯಿಂದ ಬಿಟ್ಟಿದ್ದ ಮಾತು ಒಮ್ಮೆಲೇ ವಾಪಸು ಬಂದಿತ್ತು. “ಹಾಲಲ್ಲಿ ಅವರ ಪೆಟ್ಟಿಗೆ, ಊಟದ ಟೇಬಲ್. ನಾನೂ ಅತ್ತೇನೂ ಅಡುಗೆಮನೇಲಿ ಮಲಗ್ತೀವಿ.”

“ನಾನು?” ಎಂದ ಚನ್ನಕೇಶವ.

ಎಲ್ಲರೂ ಅವನನ್ನು ಈಗಷ್ಟೇ ಕಂಡವರಂತೆ ನೋಡಿದರು.

“ನಮ್ಮನೆ ಮೆಟ್ಲು ಕೆಳಗೆ ಸೌದೆ ಹಾಕೋ ಜಾಗ ಅದೆ” ಎಂದರು ಕಮಲಾಕ್ಷಮ್ಮ. “ಮೊಣಕಾಲು ಮಡಚ್ಕೊಂಡ್ರೆ ಹಿಡಿಸ್ತಾರೆ.”

“ತಾರಸಿ ಮೇಲಿನ ಶೀಟ್ ಮನೇಲಿ ಗಾಳಿ ಜಾಸ್ತಿ ಕಣ್ರೀ” ಎಂದು ಸಿದ್ದಬಸಪ್ಪನವರು ಪೈಪೋಟಿಗಿಳಿದರು. “ಪಾರಿವಾಳಗಳೂ ಅವೆ, ಆದ್ರೆ ಅವು ಏನೂ ಮಾಡಲ್ಲ.”

ವಾದ ಬಿಸಿಯೇರಿತು. ಎದುರು ಮನೆಯವರೂ ತಮ್ಮ ದನದ ಕೊಟ್ಟಿಗೆಯ ಗುಣಗಾನ ಶುರುಮಾಡಿದರು. ಅಕ್ಕಯ್ಯಮ್ಮ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

“ಕತ್ತಲಾಗೋಕೆ ಮುಂಚೆ ಮೂರನ್ನೂ ನೋಡ್ಕಂಡ್ ಬಾ ಹೋಗೋ” ಎಂದು ಟಾರ್ಚನ್ನು ಮಗನ ಕೈಗಿಟ್ಟರು. “ಕೊಟ್ಟಿಗೇಲಿ ಮಾತ್ರ ತಲೆ ಬಗ್ಗಿಸ್ಕೊ.”