ಶೇಂಗಾ ಉಂಡಿಯ ಕಕ್ಷಾಯಾನ

ಖಾಲಿಯಾದ ಡಬ್ಬಿಯನ್ನು ನಾನು ಎಂದೂ ಎಸೆದವಳಲ್ಲ. ಹೀಗಿರುವಾಗ ರಾಕೆಟ್ಟು ಮೇಲೇರುತ್ತ ಇಂಧನ ಮುಗಿದ ತನ್ನ ಹಂತಗಳನ್ನು ಒಂದೊಂದಾಗಿ ಸಮುದ್ರಕ್ಕೆ ಉದುರಿಸುವುದನ್ನು ಟಿವಿಯಲ್ಲಿ ಕಂಡು ಕರುಳು ಚುರುಕ್ಕೆಂದಿತು. ಗೋಕಾಕದ ನಮ್ಮ ಮಹಿಳಾ ಮಂಡಳದಲ್ಲಿ ನನ್ನ ಮೊದಲ ಭಾಷಣಕ್ಕೆ ವಿಷಯ ಸಿಕ್ಕಿಬಿಟ್ಟಿತು: ಪುಟ್ಟ, ಅಗ್ಗದ, ಒಂದೇ ಹಂತದ ರಾಕೆಟ್ಟು! ಕಾನ್ವೆಂಟಿನಲ್ಲಿ ಓದಿದವಳು ಹೋಳಿಗೆಯ ಬಗ್ಗೆ ಮಾತಾಡಲಾದೀತೇ?

ಮಂಡಳದ ಅಧ್ಯಕ್ಷೆ, ಪಕ್ಕದ ಮನೆಯ ಪದ್ಮಕ್ಕ ಹುರಿದುಂಬಿಸಿದರು. "ಚಲೋತ್ನ್ಯಾಗ ಮಾತಾಡು ಶೋಭಾ, ಮುಂದಿನ ವರ್ಷ ಕಾರ್ಯದರ್ಶಿ ನೀನ!"

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಮ್ಮ ಯಜಮಾನರು ಮಾತ್ರ ಚಹಾವನ್ನು ಬಸಿಗೆ ಸುರಿದುಕೊಳ್ಳುತ್ತ ನಕ್ಕರು.

"ಯಲ್ಲಮ್ಮನ ಗುಡ್ಡಕ್ಕ ಚಕ್ಕಡಿ ಹೂಡಿದ್ರ ಎತ್ತಿಗೆ ಮೇವು ಹೇರಬೇಕಲ್ಲ? ಮೇವು ಹೆಚ್ಚಾದ್ರ ಇನ್ನೊಂದು ಜೋಡಿ ಎತ್ತು ಬೇಕು. ಆ ಎತ್ತಿಗೆ ಮತ್ತ ಮೇವು! ರಾಕೆಟ್ಟಿನ ಹಣೇಬಾರನೂ ಇಷ್ಟ. ಖಾಲಿ ಟಾಕಿನೂ ಹೊತಗೊಂಡು ಹೋದ್ರ ಉಪಗ್ರಹ ಎಲ್ಲಿ ಇಡ್ತಿ?"

"ಅದಕ್ಕ ಸಣ್ಣದು ಮಾಡೂದ್ರಿ!"

"ಸಣ್ಣದಕ್ಕ ಇನ್ನೂ ತ್ರಾಸ, ಗಾಳಿನ ತಡೀತೈತಿ. ಮತ್ತ ಕಕ್ಷೆ ಅಂದ್ರ ಬರೇ ಮ್ಯಾಲ ಹೋಗೂದಲ್ಲ, ಅಡ್ಡಕ್ಕ ಭಯಂಕರ ಜೋರು ಓಡಬೇಕು."

ಗಂಡಸರಿಗೆ ಉಳಿತಾಯದ ಮಾತು ಎಂದಿಗೆ ತಿಳಿದೀತು! ಪ್ರಾತ್ಯಕ್ಷಿಕೆಯೊಂದೇ ಉತ್ತರವೆಂದು ತೀರ್ಮಾನಿಸಿದೆ.

ಭಾಷಣದ ದಿನ ಬೆಳಿಗ್ಗೆ ತಾಲೀಮಿಗೆಂದು ಮಾಳಿಗೆ ಹತ್ತಿದೆ. ದೀಪಾವಳಿಯಲ್ಲಿ ಉಳಿದಿದ್ದ ರಾಕೆಟ್ಟು, ಅದನ್ನು ನಿಲ್ಲಿಸಲು ಒಂದು ಸೀಸೆ, ಉಪಗ್ರಹದ ಸ್ಥಾನದಲ್ಲಿ ನೂಲು ಸುತ್ತಿ ಬಿಗಿದ ಶೇಂಗಾ ಉಂಡಿ. ಉಂಡಿಯ ಭಾರಕ್ಕೆ ಸೀಸೆ ತುಸು ವಾಲಿದ್ದನ್ನು ಗಮನಿಸಿದೆ. ಸೂಕ್ಷ್ಮಗಳನ್ನು ಗಮನಿಸುವುದು ನನ್ನ ಗುಣ. ಸರಿಪಡಿಸುವುದಲ್ಲ!

ಬತ್ತಿ ಹಚ್ಚಿದೆ. ಸೀಸೆ ಮಲಗಿತು. ರಾಕೆಟ್ಟು ಗೋಡೆ ದಾಟಿ, ಪದ್ಮಕ್ಕನ ಮಾಳಿಗೆಯಲ್ಲಿ ಕೋಲುಗಳ ಮೇಲೆ ಒಣಗುತ್ತಿದ್ದ ಶಾವಿಗೆಯನ್ನು ಸೀಳಿಕೊಂಡು ಹೋಗಿ, ಅವರ ಇಳಕಲ್ ಸೀರೆಯಲ್ಲಿ ವಿಶ್ರಮಿಸಿತು. ಪುಣ್ಯಕ್ಕೆ ಸೀರೆ ಹಗ್ಗದ ಮೇಲಿತ್ತು, ಅದರೊಳಗೆ ಪದ್ಮಕ್ಕ ಇರಲಿಲ್ಲ.

"ಶೋಭಾ! ವರ್ಷದ ಶಾವಿಗಿ ಹೋತಲ್ಲವಾ! ಇದು ಭಾಷಣನೋ, ಯುದ್ಧನೋ?"

ಮೆಟ್ಟಿಲಿನಿಂದ ಯಜಮಾನರ ತಲೆ ಮೇಲೆದ್ದಿತು. "ಅಡ್ಡಕ್ಕ ಓಡೂದು ಮಾತ್ರ ಬರೋಬ್ಬರಿ ಆತು ನೋಡು!"

ಪದ್ಮಕ್ಕ ದೊಡ್ಡ ಮನಸ್ಸಿನವರು. ಭಾಷಣವನ್ನು ರದ್ದು ಮಾಡಲಿಲ್ಲ, ವಿಷಯವನ್ನಷ್ಟೇ ಬದಲಿಸಿದರು. ಅಂದು ಸಂಜೆ ನಾನು, ಹುಕ್ಕೇರಿಯಿಂದಲೂ ಬಂದಿದ್ದ ಮಹಿಳೆಯರ ಎದುರು, 'ಪಟಾಕಿ ಹಚ್ಚುವಾಗ ವಹಿಸಬೇಕಾದ ಎಚ್ಚರಿಕೆ' ಕುರಿತು ಗಂಭೀರವಾಗಿ ಮಾತಾಡಿದೆ. ಕಾರ್ಯದರ್ಶಿ ಯಾರಾದರೆಂದು ದಯವಿಟ್ಟು ಕೇಳಬೇಡಿ. ಉದಾಹರಣೆಗೆಂದು ಒಂದು ಬದಿಗೆ ಸುಟ್ಟ ಸೀರೆಯನ್ನು ತೂಗುಹಾಕಿದ್ದರು, ಇನ್ನೊಂದು ಬದಿಗೆ ನನ್ನನ್ನು ನಿಲ್ಲಿಸಿದ್ದರು. ಚಪ್ಪಾಳೆ ಜೋರಾಗಿಯೇ ಬಿತ್ತು.

ಸೀರೆಗೆ!